ಮೂರನೇ ಕೋಣೆಯ ಉಯಿಲು

ಜಂಗಮಕೋಟೆ ದಾರಿಯಲ್ಲಿ ಗಂಗುಲಪ್ಪನವರ ಚಾಕಿ ಕೇಂದ್ರ.
ಬ್ಲೀಚಿಂಗ್ ಪೌಡರಿನ ಡ್ರಮ್ಮಿನ ಮೇಲೆ
ಪರದೆ ಒಡೆದ ಲ್ಯಾಪ್‌ಟಾಪು, ಅದರೊಳಗೆ
ನಾನು ಬರೆದ ಎಂಬತ್ತು ಸಾಲು ಜಾವಾಸ್ಕ್ರಿಪ್ಟು.
ಹದಿನೆಂಟುನೂರ ಎಂಬತ್ತಮೂರು: ಇಸವಿಯಲ್ಲ, ಬಾಗಿಲ ನಂಬರು.
ಅಲ್ಲಿಗೇ ಬಂದು ಕೋಣೆಗಳು ಮಾತಾಡಬೇಕು.

"ಒಳಗೆ ಯಾರವ್ನೆ ಸಾದಿಕ್ಕು?"
ಒಬ್ಬ ಬ್ರೋಕರು, ಅಂದೆ.
ಗಂಗುಲಪ್ಪನವರ ಮುಖ
ಗೂಡಿನ ಮಾರ್ಕೆಟ್ಟಿನ ದಿನದಂತೆ ಬಿಗಿಯಿತು.
"ಕಮಿಷನ್ ಎಷ್ಟಂತೆ?"

ಕಮಿಷನ್ ಇಲ್ಲ. ತೂಕ ಹಾಕಲ್ಲ, ಚೌಕಾಸಿ ಮಾಡಲ್ಲ,
ಕೈಗೆ ಬಂದ ಚೀಟಿ ಬಿಚ್ಚಿ ಓದುವುದೂ ಇಲ್ಲ.
ಮೇಲಿನ ವಿಳಾಸ ನೋಡುತ್ತಾನೆ: ಕೋಣೆ, ಮೂರು, ತೇವ.
ಯಾರು ಯಾರು ಕೇಳಿದ್ದರೋ ಅವರಿಗೆ ಒಂದೊಂದು ಪ್ರತಿ.
ಹೇಳಿದವರಿಗೆ ಕೇಳಿದವರು ಗೊತ್ತಿಲ್ಲ,
ಕೇಳಿದವರಿಗೆ ಹೇಳಿದವರ ಮುಖ ಬೇಕಿಲ್ಲ.
"ಅಂಗಾದ್ರೆ ಬ್ರೋಕರ್ ಅಲ್ಲ ಬಿಡು," ಅಂದರು, ಸಮಾಧಾನವಾಗಿ.
ತಮಗೆ ಎಲ್ಲ ಕೋಣೆಯ ಎಲ್ಲ ಮಾತೂ ಬೇಕೆಂದರು. ಕೊಟ್ಟೆ.
ಮೂರೇ ದಿನಕ್ಕೆ ಫೋನಿನ ಸೌಂಡು ಆಫ್ ಮಾಡಿದರು.

ಇದು ಓಡುವುದು ಒಂದೇ ಎಳೆಯ ಮೇಲೆ.
ನಮ್ಮಪ್ಪ ಶಿಡ್ಲಘಟ್ಟದಲ್ಲಿ ರೀಲರು; ಬಿಸಿನೀರಿಗೆ ಕೈ ಅದ್ದಿ
ಗೂಡಿನ ತುದಿ ಹುಡುಕಿ ಹಿಡಿಯುತ್ತಿದ್ದವರು:
ಸಾವಿರ ಗಜ, ಒಂದೇ ಎಳೆ, ಗಂಟಿಲ್ಲ.
ನಾನೊಮ್ಮೆ ಗಂಟು ಹಾಕಿದೆ. ಲೆಕ್ಕದ ಫೈಲು ತೆರೆದು
ಬರೆದು ಮುಗಿಯುವತನಕ ನಿಲ್ಲು ಅಂದೆ.
ನಿಂತಿತು. ಹನ್ನೊಂದು ಕೋಣೆ ಬಾಗಿಲಲ್ಲಿ ನಿಂತವು,
ಫ್ಯಾನು, ಹೀಟರು, ಎಲ್ಲ.
ಈಗ ಕಲಿತಿದ್ದೇನೆ: ಕೆಲಸ ಹೇಳು, ಮುಂದೆ ಹೋಗು,
ಮುಗಿದಾಗ ಅದೇ ಕರೆಯುತ್ತದೆ.

ಸೇರುವಾಗಲೇ ಪ್ರತಿ ಕೋಣೆಯೂ ಉಯಿಲು ಬರೆದಿಡುತ್ತದೆ:
ನಾನು ಹೇಳದೆ ಹೋದರೆ ಇದನ್ನು ಸಾರಿ.
ಬ್ರೋಕರು ಅದನ್ನು ಜೇಬಿನಲ್ಲಿಟ್ಟು
ಅರವತ್ತು ಸೆಕೆಂಡು ಉಸಿರಿಗೆ ಕಿವಿಗೊಡುತ್ತಾನೆ.
ಕೇಳದಿದ್ದರೆ ಇನ್ನೂ ಮೂವತ್ತು.
ಅಷ್ಟೇ ಅವನ ಕರುಣೆ.

ಎರಡನೇ ಜ್ವರದ ರಾತ್ರಿ, ಒಂದೂಮುಕ್ಕಾಲಿಗೆ
ಫೋನು ನಡುಗಿತು: ಮೂರನೇ ಕೋಣೆ ಇಲ್ಲ.

ಸ್ವೆಟರು ತಿರುವುಮುರುವು ಹಾಕಿಕೊಂಡು ಗಾಡಿ ಒದ್ದೆ.
ಹಿಪ್ಪುನೇರಳೆ ತೋಟಗಳ ನಡುವೆ ದಾರಿಯುದ್ದಕ್ಕೂ
ಇಲಿ ಕಡಿದ ವೈರು, ಹೀಟರಿನ ಕಿಡಿ, ಇರುವೆ ಸಾಲು,
ಒಂದಾದ ಮೇಲೊಂದು ಕಣ್ಣಿಗೆ ಕಟ್ಟಿತು.

ಕೋಣೆ ಇತ್ತು.
ಕತ್ತಲಲ್ಲಿ ಅಕ್ಕಯಮ್ಮ ಕೂತಿದ್ದಳು, ಬೆರಳಿಗೆಲ್ಲ ಸುಣ್ಣ,
ಮಡಿಲಲ್ಲಿ ನನ್ನ ಸೆನ್ಸಾರು, ಕಿತ್ತ ವೈರಿನ ಸಮೇತ.
"ಜ್ವರಕ್ಕೆ ಮಲಗ್ಯವೆ. ಈ ಕೆಂಪು ಕಣ್ಣು ಮಿಟುಕ್ತಾನೇ ಇತ್ತು,
ಕಿತ್ತೆ. ಮೆತ್ತಗೆ ಮಾತಾಡು."
ಟಾರ್ಚಿಗೆ ಅಂಗೈ ಮುಚ್ಚಿದೆ. ಬೆರಳ ಸಂದಿನ ಬೆಳಕಲ್ಲಿ
ತಟ್ಟೆ ತುಂಬ ಹುಳು, ತಲೆ ಎತ್ತಿ, ಒಂದೂ ತಿನ್ನದೆ.
ಕಿಟಕಿ ತೆರೆದಿದ್ದಳು. ಸುಣ್ಣ ಉದುರಿಸಿದ್ದಳು. ತೇವ ಇಳಿದಿತ್ತು.
ಆಗಬೇಕಾದ್ದೆಲ್ಲ ಆಗಿತ್ತು, ಯಾರಿಗೂ ತಿಳಿಸದೆ.

ನನ್ನ ಫೋನಿನಲ್ಲಿ ಮಾತ್ರ ಎಂಬತ್ತೆರಡು, ಸಂಜೆಯ ತೇವ.
ಕೊನೆಯ ಮಾತನ್ನು ಹಿಡಿದಿಡು ಅಂದಿದ್ದೆನಲ್ಲ,
ತಡವಾಗಿ ಬಂದವರಿಗೆಲ್ಲ ಅದನ್ನೇ ತೋರಿಸುತ್ತ ನಿಂತಿತ್ತು.
ಹಿಡಿದ ಮಾತು ಬಿಡಿಸಲು ಇರುವುದು ಒಂದೇ ದಾರಿ:
ಅದೇ ವಿಳಾಸಕ್ಕೆ ಖಾಲಿ ಚೀಟಿ ಕಳಿಸುವುದು.
ಹೊಸಿಲ ಮೇಲೆ ಕೂತು ಕಳಿಸಿದೆ.
ಮೂರರ ಎದುರು ಏನೂ ಇಲ್ಲವಾಯಿತು.
ಎಂಬತ್ತೆರಡಕ್ಕಿಂತ ಅದೇ ನಿಜಕ್ಕೆ ಹತ್ತಿರ ಅನ್ನಿಸಿತು.

ಬೆಳಿಗ್ಗೆ ಕೆಂಪು ಕಣ್ಣಿಗೆ ಕಪ್ಪು ಟೇಪು ಅಂಟಿಸಿ
ವೈರು ಸೇರಿಸಿದೆ. ಅರವತ್ತೆಂಟು, ಅಂದಿತು.
"ಅಷ್ಟೇ ಇರೋದು," ಅಂದಳು ಅಕ್ಕಯಮ್ಮ
ತಟ್ಟೆ ಎತ್ತುತ್ತ, ಗೋಡೆ ಕಡೆಗೆ.
ಯಾರು ಕೇಳಿಸಿಕೊಂಡರು ಅಂತ ತಿರುಗಿ ನೋಡಲಿಲ್ಲ.