ಸೀಸದ ಮಂದೆ

ಬಾಯ್ಲರ್ ಕೆಟ್ಟು ಹದಿನೇಳು ದಿನ.
ಗ್ರಿಮ್ಸ್‌ಬಿಯ ಗಾಳಿಗೆ ಬಾಗಿಲು ಬಡಿಯುವ ಅಭ್ಯಾಸವಿಲ್ಲ.
ಮನೆಯೊಳಗೇ ಕೋಟು ತೊಟ್ಟು, ಅಡುಗೆಮೇಜಿಗೆ ಪೇಪರು ಹಾಸಿ
ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದಾಗಿ ಇಳಿಸಿದೆ:
ಹಸು ಹದಿನಾಲ್ಕು, ಒಂದು ಮಲಗಿ ಮೆಲುಕು ಹಾಕುತ್ತಿದೆ
ಎಪ್ಪತ್ತು ವರ್ಷದಿಂದ ಅದೇ ತುತ್ತನ್ನು.
ಕುದುರೆ ಎರಡು, ನೇಗಿಲು, ಮುರಿದ ಕನ್ನಡಿಯ ಕೊಳ,
ಹಾಲು ಕರೆಯುವವಳು, ಅವಳ ಮೂರು ಕಾಲಿನ ಮಣೆ,
ತೆರೆದು ಮುಚ್ಚುವ ಗೇಟು.

ಅಪ್ಪ ಐಸ್ ಫ್ಯಾಕ್ಟರಿಯಲ್ಲಿದ್ದ.
ಶನಿವಾರ ಸಂಬಳ, ಶನಿವಾರ ಒಂದು ಪ್ರಾಣಿ.
ವಾರ ಕೆಟ್ಟದಿದ್ದರೆ ಬೇಲಿಯ ಒಂದು ತುಂಡು.
ನಮ್ಮಲ್ಲಿ ಬೇಲಿ ಬಹಳ ಇದೆ.

ಲಿಂಕನ್ನಿನಿಂದ ಪೆಂಡಲ್‌ಬರಿ ಬಂದ.
ಬಿಳಿ ಕೈಗವಸು, ಕಣ್ಣಿಗೊತ್ತಿದ ಭೂತಗನ್ನಡಿ,
ದವಡೆಯಲ್ಲಿ ಪೆಪ್ಪರಮಿಂಟು.
ಕತ್ತು ತಿರುಗಿಸಿ ನೋಡಿ ಬರೆದುಕೊಂಡ:
ರೈತ, ತಲೆ ಬೆಂಕಿಕಡ್ಡಿಯಿಂದ ನಿಲ್ಲಿಸಿದ್ದು, ಅರ್ಧ ಬೆಲೆ.
ಹೆಂಗಸಿನ ಮೈಗೆ ಕಮ್ಮಾರನ ತಲೆ... ಇದೇನಿದು?
ಅದು ಮಿಸೆಸ್ ಓಗ್ಡನ್, ಅಂದೆ. ಎದುರು ಮನೆಯವಳು.
ಮೀಸೆ ಇತ್ತು.
ಅವನು ನಗಲಿಲ್ಲ. 'ತಪ್ಪು ಜೋಡಣೆ' ಅಂತ ಬರೆದ.
ಆಮೇಲೆ ಆ ಕುರಿ. ಬೆಳಕಿಗೆ ಹಿಡಿದ, ಕೆಳಗಿಟ್ಟ.
'ಹಲ್ಲಿನ ಗುರುತು. ಬೆಲೆ ಇಲ್ಲ.'

ಒಟ್ಟು ಮೊತ್ತ ಹೇಳಿದ. ಬಾಯ್ಲರಿಗೆ ಸಾಕು,
ಮಿಕ್ಕಿದ್ದರಲ್ಲಿ ಕಿಟಕಿಗೆ ದಪ್ಪ ಪರದೆಯೂ ಆದೀತು.
ಶುಕ್ರವಾರದವರೆಗೆ ಯೋಚಿಸಿ ಐವಿ, ಅಂದ,
ಹೆಸರು ಹಿಡಿದು ಕರೆಯಲು ನಾನು ಹೇಳಿರಲಿಲ್ಲ.

ಯೋಚಿಸುವುದೇನು. ಯಾರಿಗಾದರೂ ಕೊಡೋಣವೆಂದರೆ
ಇರುವವಳು ಟ್ಯಾಮ್ಸಿನ್, ಅಣ್ಣನ ಮೊಮ್ಮಗಳು, ನಾಲ್ಕು ವರ್ಷ.
ಕಳೆದ ಈಸ್ಟರಿಗೆ ಹಸುವಿನತ್ತ ಕೈ ಚಾಚಿದ್ದಳು.
ಅವಳಮ್ಮ ಹಾವು ಕಂಡವಳಂತೆ ಎಳೆದುಕೊಂಡಳು:
ಸೀಸ ಅತ್ತೆ, ವಿಷ!
ಹೌದು. ಈಗ ಎಲ್ಲರಿಗೂ ಗೊತ್ತು.
ನಾವು ಇವನ್ನು ಚೀಪುತ್ತ ನಿದ್ದೆ ಹೋದವರು.
ವಿಷವನ್ನು ಉಡುಗೊರೆ ಕೊಡಲಾಗದು.
ಮಾರಬಹುದಂತೆ.

ಬುಧವಾರ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದೆ.
ಗಡಿಯಾರ ನಾಲ್ಕು ಹೊಡೆಯಿತು.
ನೋಡುತ್ತೇನೆ, ಗೇಟು ತೆರೆದಿದೆ,
ಹಸುಗಳೆಲ್ಲ ಸಾಲಾಗಿ ಕೊಟ್ಟಿಗೆಯತ್ತ ಮುಖ ಮಾಡಿವೆ,
ಮಿಸೆಸ್ ಓಗ್ಡನ್ ಕೈಯಲ್ಲಿ ಬಕೆಟ್ಟು.
ನನ್ನ ಬೆರಳು ಗೇಟಿನ ಮೇಲೆ.

ಗುರುವಾರ ರಾತ್ರಿ ಕುರಿಯನ್ನು ದೀಪದಡಿ ತಂದೆ.
ಬೆನ್ನ ಮೇಲೆ ನಾಲ್ಕು ತಗ್ಗು, ಬಾರ್ಲಿ ಕಾಳು ಒತ್ತಿದಷ್ಟು.
ನನ್ನವೋ, ಮ್ಯೂರಿಯಲ್‌ಳವೋ?
ಅವಳಿಗೆ ಒಂಬತ್ತು ತುಂಬಲಿಲ್ಲ.
ಸೀಸದಿಂದಲ್ಲ. ಆ ವರ್ಷದ ಚಳಿ.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು,
ನೋಡಲು ಯಾರಿದ್ದಾರೆ,
ಬಾಯಿಗಿಟ್ಟು ಕಚ್ಚಿದೆ.
ಕೂಡಲಿಲ್ಲ. ಬಾಯಿ ದೊಡ್ಡದಾಗಿದೆ,
ಹಲ್ಲು ಸೆಟ್ಟಿನದು.
ರುಚಿ ಮಾತ್ರ ಅದೇ, ಸಿಹಿಯ ಹತ್ತಿರದ್ದೇನೋ, ತಣ್ಣಗೆ;
ಹೊದಿಕೆಯೊಳಗೆ ಪಿಸುದನಿಯ ಜಗಳ:
ಕುರಿ ನನ್ನದು, ಬೇಲಿ ನಿನ್ನದು,
ಅಪ್ಪ ಎದ್ದಾನು, ಮೆಲ್ಲಗೆ.

ಬೆಳಿಗ್ಗೆ ಫೋನು ಮಾಡಿದೆ.
ಒಯ್ಯಿರಿ, ಎಲ್ಲವನ್ನೂ.
ಕುರಿ ನಿಮಗೇ ಇರಲಿ, ಅಂದ, ನೆನಪಿಗೆ.
ಮಂದೆ ಬಿಟ್ಟ ಕುರಿ ಡಬ್ಬಿಯೊಳಗೆ ಏನು ಮಾಡೀತು?
ಅದನ್ನೂ ಒಯ್ಯಿರಿ. ಆದರೆ ಬಿಟ್ಟಿ ಕೊಡುವುದಿಲ್ಲ.
ಒಂದು ಪೌಂಡ್ ಬರೆಯಿರಿ.
ಆ ಕಡೆ ಕೊಂಚ ಹೊತ್ತು
ಪೆಪ್ಪರಮಿಂಟು ಕಡಿಯುವ ಸದ್ದು.
ಬರೆದೆ, ಅಂದ.

ಫೋನಿಟ್ಟು ನಲ್ಲಿ ತಿರುಗಿಸಿದೆ. ಕೊರೆಯುವ ನೀರು.
ಸೋಪು ಹಚ್ಚಿ, ಉಗುರುಸಂದಿಯನ್ನೂ ಬಿಡದೆ
ಕೈ ತೊಳೆದುಕೊಂಡೆ.
ಸೀಸ ನೋಡಿ,
ಮುಟ್ಟಿದ ಮೇಲೆ ತೊಳೆಯಲೇಬೇಕು.