ಬಳಕೆ ಪ್ರಮಾಣಪತ್ರದ ಹಿಂಬದಿಗೆ

ಮಾನ್ಯರೇ,
ನೀವು ಕಳಿಸಿದ ನಾಲ್ಕು ಸಾವಿರದ ಎಂಟುನೂರು
ಮೇ ಕೊನೆಗೆ ಶಾಲೆಯ ಖಾತೆಗೆ ಬಂತು.
ನಿಮ್ಮ ಫಾರಮ್ಮಿನ ಆರನೇ ಕಲಮಿನಲ್ಲಿ
‘ಚಟುವಟಿಕೆಯ ಫಲಿತಾಂಶ’ಕ್ಕೆ
ಒಂದೂವರೆ ಇಂಚು ಜಾಗ ಬಿಟ್ಟಿದ್ದೀರಿ.
ನನ್ನ ಅಕ್ಷರ ದಪ್ಪ. ಹಿಡಿಸಲಿಲ್ಲ.
ಹಾಗಾಗಿ ಹಿಂಬದಿಗೆ ಬಂದಿದ್ದೇನೆ.

ಇದು ಪಾವಗಡದಾಚೆ.
ಇಲ್ಲಿ ಬಿಸಿಲನ್ನು ಎಕರೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಾಗಿದೆ.
ಹೊಲಗಳು ನೀಲಿ ಗಾಜು ಹೊದ್ದು
ಒಂದೇ ಮಗ್ಗುಲಿಗೆ ಓರೆಯಾಗಿ ಮಲಗಿವೆ,
ಬೇಲಿಯೊಳಕ್ಕೆ ಹೋಗಲು ಪಾಸು ಬೇಕು.
ಶಾಲೆಯ ಅಂಗಳ ಮಾತ್ರ,
ಇಪ್ಪತ್ತು ಹೆಜ್ಜೆಗೆ ಹದಿನಾರು ಹೆಜ್ಜೆ,
ಯಾರ ಹೆಸರಿಗೂ ಬರೆಯದ ಬಿಸಿಲು.
ಅದನ್ನೇ ಓದಿಸೋಣ ಅಂತ ಅರ್ಜಿ ಹಾಕಿದ್ದು.

ಕಬ್ಬಿಣದ ಸರಳು, ಸಿಮೆಂಟು ಅರ್ಧ ಮೂಟೆ,
ಬಿಳಿ ಬಣ್ಣ, ಅಳತೆಪಟ್ಟಿ ಆರು: ಬಿಲ್ಲು ಲಗತ್ತಿಸಿದೆ.
ತೂಕದ ಗುಂಡಿಗೆ ಬಿಲ್ಲಿಲ್ಲ,
ಅಡುಗೆಯ ಸಣ್ಣೀರಮ್ಮನ ಗಂಡ ಗಾರೆ ಕೆಲಸದವರು,
ಸರಳು ನೆಟ್ಟಗೆ ನಿಲ್ಲುವವರೆಗೆ ಎರವಲು.
ಗಡಿಯಾರ ಎರಡು ಏಕೆ ಅಂತ ಕೇಳಿದ್ದೀರಿ.
ಮೊದಲನೆಯದು ಹನ್ನೊಂದು ನಿಮಿಷ ಸುಳ್ಳು ಹೇಳುತ್ತಿತ್ತು.
ಅಂಗಡಿಯವನು ವಾಪಸು ತಗೊಳ್ಳಲಿಲ್ಲ,
ಈಗ ಅದನ್ನು ಐದನೇ ತರಗತಿ ಬಿಚ್ಚಿ ಕೂತಿದೆ.

ಜೂನಿನಲ್ಲಿ ಮೊದಲ ಜಗಳ.
ನಡುಹಗಲಿನ ನೆರಳು ಬಡಗಣಕ್ಕೆ ಅಂತ
ನಾನೇ ಹಲಗೆಯ ಮೇಲೆ ಬರೆದಿದ್ದೆ.
ಅದು ತೆಂಕಣಕ್ಕೆ ಬಿದ್ದಿತ್ತು,
ಹದಿನಾರು ಸೆಂಟಿಮೀಟರ್, ನಾಚಿಕೆಯಿಲ್ಲದೆ.
ನೀವು ತಪ್ಪಾ ಮೇಡಂ, ನೆರಳು ತಪ್ಪಾ?
ಗೊತ್ತಿಲ್ಲ ಅಂದೆ.
ಹದಿಮೂರು ವರ್ಷದ ನೌಕರಿಯಲ್ಲಿ
ಈ ಮಾತನ್ನು ತರಗತಿಗೆ ಕೇಳುವಂತೆ ಹೇಳಿದ್ದು ಅದೇ ಮೊದಲು.
ಸೀಲಿಂಗು ಬೀಳಲಿಲ್ಲ.
ಅದು ಬೀಳುವುದು ಮಳೆ ಬಂದಾಗ ಮಾತ್ರ.

ಆಮೇಲೆ ಬಿಸಿಯೂಟದ ತಟ್ಟೆ ಕೆಳಗಿಟ್ಟು ಓಡುವುದೇ ಆಯಿತು.
ಹದಿನಾರು, ಹದಿನೈದು, ಹದಿಮೂರು,
ಮೋಡ, ಮೋಡ, ಭಾನುವಾರ, ಹತ್ತು.
ಆಗಸ್ಟ್ ಹತ್ತಕ್ಕೆ ಮೂರೇ ಉಳಿಯಿತು.
ಮಹಬೂಬಿ ಬೆರಳು ಮಡಿಚಿ ಎಣಿಸಿ
ಹದಿನೈದಕ್ಕೆ ಮುಗಿದುಹೋಗ್ತದೆ ಅಂದಳು,
ಮನೆಯಲ್ಲಿ ಅಕ್ಕಿ ಮುಗಿಯುವ ದಿನ ಹೇಳುವ ದನಿಯಲ್ಲೇ.

ಹದಿನೈದು. ಬಾವುಟ ಏರಿತು, ಭಾಷಣ ಇಳಿಯಿತು,
ಬೂಂದಿ ಕಟ್ಟಿಸಿಕೊಂಡು ಊರು ಮನೆಗೆ ಹೋಯಿತು.
ಇಪ್ಪತ್ತಮೂರು ಮಕ್ಕಳು ಹೋಗಲಿಲ್ಲ.
ಹನ್ನೆರಡು ಹತ್ತಕ್ಕೆ ನಿಡಗಲ್ಲು ದಿಕ್ಕಿನಿಂದ ಒಂದು ಮೋಡ ಬಂದು
ಸೂರ್ಯನ ಮೇಲೆ ಕುರ್ಚಿ ಹಾಕಿ ಕೂತಿತು.
ಯಾರೂ ಮಾತಾಡಲಿಲ್ಲ.
ನಾನು ನಿಮ್ಮ ನಾಲ್ಕು ಸಾವಿರದ ಎಂಟುನೂರನ್ನು ನೆನೆದೆ,
ಸುಳ್ಳೇಕೆ.

ಹನ್ನೆರಡು ಇಪ್ಪತ್ತನಾಲ್ಕಕ್ಕೆ ಅದು ಎದ್ದು ಹೋಯಿತು.
ಸರಳಿನ ಬುಡ ಬೆಳ್ಳಗಿತ್ತು.
ಧ್ವಜಕಂಬ ತನ್ನ ನೆರಳನ್ನು ತಾನೇ ನುಂಗಿಕೊಂಡಿತ್ತು.
ಮಹಬೂಬಿ ಒಂದು ಕಾಲೆತ್ತಿ ಅಡಿಯಲ್ಲಿ ಹುಡುಕಿದಳು.
ಓಬಳೇಶ, ಅವನ ಅಪ್ಪ ರಾತ್ರಿಯೆಲ್ಲ ಪ್ಯಾನೆಲ್ ಒರೆಸುತ್ತಾನೆ,
ಅವನು ಹಗಲೆಲ್ಲ ಕೊನೇ ಬೆಂಚಿನಲ್ಲಿ ತೂಕಡಿಸುತ್ತಾನೆ,
ನೆಲಕ್ಕೆ ಕೆನ್ನೆ ಇಟ್ಟು ನೋಡಿ ಕೂಗಿದ:
ನೀಡ ಲೇದು ಮೇಡಂ!
ಅವನ ಮನೆಮಾತಿನಲ್ಲಿ ನೆರಳಿಗೆ ನೀಡ.
ನನ್ನ ಮಾತಿನಲ್ಲಿ ನೀಡು ಅಂದರೆ ಕೊಡು.
ಎರಡರ ನಡುವೆ ಒಂದು ಕ್ಷಣ ನಾನು ಸುಮ್ಮನೆ ನಿಂತೆ.

ಚಾರ್ಟಿನಲ್ಲಿ ಅವನೇ ಬರೆದ: ಸೊನ್ನೆ.
ಕಿರುಪರೀಕ್ಷೆಗಳಲ್ಲಿ ನಾನು ಅವನಿಗೆ ಕೊಡುತ್ತಿದ್ದ ಅಂಕಿಯೇ.
ಎಷ್ಟು ದುಂಡಗೆ ಬರೆದ ಅಂದರೆ
ಅಳಿಸಿ ಮತ್ತೊಮ್ಮೆ ಬರೆದ, ಇನ್ನೂ ದುಂಡಗೆ.

ಫೋಟೋ ಸ್ಪಷ್ಟವಾಗಿಲ್ಲ,
ಚಟುವಟಿಕೆ ಕಾಣಿಸುತ್ತಿಲ್ಲ ಅಂತ ಹಿಂದಿರುಗಿಸಿದ್ದೀರಿ.
ಮಕ್ಕಳು ಬಗ್ಗಿದ್ದಾರೆ, ನೆಲದ ಮೇಲೆ ಏನೂ ಇಲ್ಲ, ನಿಜ.
ಅದೇ ಫೋಟೋ ಮತ್ತೆ ಲಗತ್ತಿಸಿದ್ದೇನೆ.
ಬೇರೆ ತೆಗೆಯಬೇಕೆಂದರೆ
ಏಪ್ರಿಲ್ ಕೊನೆಯವರೆಗೆ ಕಾಯಬೇಕು, ಆಗ ರಜೆ.

ಉಳಿಕೆ ಅರವತ್ತೆರಡು ರೂಪಾಯಿ.
ವಾಪಸು ಕಳಿಸಲು ಡಿಡಿ ಶುಲ್ಕ ಅದಕ್ಕಿಂತ ಹೆಚ್ಚು.
ಏನು ಮಾಡಲಿ, ತಿಳಿಸಿ.
ಸೀಮೆಸುಣ್ಣ ಮುಗಿದಿದೆ.