ಬಲ ಅಂಚಿನ ಆಚೆ

ನಾನು ಬರೆದ ನೀರಿಗೆ ಒದ್ದೆಯಿಲ್ಲ.
ಅಡ್ಡಕ್ಕೆ ಎಂಬತ್ತು, ಉದ್ದಕ್ಕೆ ಅರವತ್ತು ಚೌಕ;
ಒಂದೊಂದು ಚೌಕಕ್ಕೂ ಎರಡೇ ಅಂಕಿ:
ಬಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು.
ಇದಕ್ಕಿಂತ ಹೆಚ್ಚು ಹೊರಲಾರವು
ಹಾಸನದ ಪಾಲಿಟೆಕ್ನಿಕ್ಕಿನ ಮಹಡಿ ಲ್ಯಾಬಿನ
ಹನ್ನೆರಡು ಕಂಪ್ಯೂಟರು. ಓಡುವುದು ಎಂಟು,
ಅದರಲ್ಲಿ ಏಳನೆಯದು ಮನಸ್ಸು ಬಂದರೆ.

ಹಾಗಾಗಿ ಎರಡು ಬೇಸಿಗೆ ರಜೆ ಕೂತು ತೆಗೆದುಹಾಕಿದೆ:
ಮೊದಲು ಆಳ. ಆಮೇಲೆ ಬಿಸಿ, ತಣ್ಣಗೆ.
ಕೆಸರು, ಪಾಚಿ, ಏಡಿ ಕೊರೆದ ಬದು,
ಗಾಳಿ ಸೋಕಿದಾಗ ನೀರಿನ ಮೈಮೇಲೇಳುವ ನವಿರು.
ತೆಗೆಯುತ್ತ ತೆಗೆಯುತ್ತ ಉಳಿದದ್ದಕ್ಕೆ
ಹರಿವು ಅಂತ ಹೆಸರಿಟ್ಟೆ.
ಪ್ರಿನ್ಸಿಪಾಲರು ನೋಡಿ, "ಸರಳವಾಗಿದೆ" ಅಂದರು.
ಹೊಗಳಿದರೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ.

ಮೂರನೇ ಸೆಮಿಸ್ಟರು, ಸಿವಿಲ್, ಬಿ ಬ್ಯಾಚು.
ಕಿಟಕಿಯಾಚೆ ಬಿ.ಎಂ. ರಸ್ತೆಯಲ್ಲಿ
ಆಲೂಗಡ್ಡೆ ಲಾರಿಗಳು ಒಂದನ್ನೊಂದು ಬೈಯುತ್ತಿದ್ದವು.
ನೀರಿನ ನಡುವೆ ಒಂದು ಕರಿ ವೃತ್ತ ಇಡಿ ಅಂದೆ.
ಇಟ್ಟರು. ಅದರ ಬೆನ್ನಿಗೆ ಎಡಕ್ಕೊಂದು ಸುಳಿ,
ಬಲಕ್ಕೊಂದು, ಮತ್ತೆ ಎಡಕ್ಕೆ,
ಯಾರೋ ಅವಸರವಿಲ್ಲದೆ ಜಡೆ ಹೆಣೆದ ಹಾಗೆ.
ಗುಫ್ರಾನ್ ತನ್ನ ಹೆಸರನ್ನೇ ಬರೆದು ಹೊಳೆಗೆ ಅಡ್ಡ ಇಟ್ಟ;
ಅಕ್ಷರಗಳ ಸಂದಿಯಲ್ಲಿ ನುಸುಳಿದ ನೀರು
ಒತ್ತಕ್ಷರದ ಕೊಂಕಿನಲ್ಲಿ ಮಾತ್ರ
ಅಲ್ಲಾಡದೆ ನಿಂತಿತು.

ಕೊನೆ ಸಾಲಿನ ತನುಶ್ರೀ ವೃತ್ತ ಇಡಲಿಲ್ಲ.
ಓರೆಯಾಗಿ ಒಂದು ಚಪ್ಪಡಿ ಎಳೆದಳು, ಅಳಿಸಿದಳು,
ಒಂದು ಚೌಕ ಮೇಲೆ, ಅರ್ಧ ಚೌಕ ಹಿಂದೆ—
ಅರ್ಧ ಚೌಕ ನನ್ನ ನೀರಿನಲ್ಲಿ ಇಲ್ಲ ಅಂದೆ.
"ಇದು ದುದ್ದದ ಕಡೆ, ನಮ್ಮೂರ ತೂಬಿನ ಕೆಳಗಿರೋ ಕಲ್ಲು ಸರ್.
ನಮ್ಮ ತಾತ ನೀರುಗಂಟಿ, ದ್ಯಾವಯ್ಯ ಅಂತ.
ಮೇಲ್ಗಾಲುವೆಗೆ ಎರಡು ಪಾಲು, ಕೆಳಗಾಲುವೆಗೆ ಒಂದು.
ಕಲ್ಲು ಬೆರಳಷ್ಟು ತಿರುಗಿದ್ರೂ ರಾತ್ರಿ ಜಗಳ."

ಬಣ್ಣ ಬಿಡುವ ಗುಂಡಿ ತೋರಿಸಿದೆ. ನಕ್ಕಳು.
"ತಾತ ರಾಗಿ ಹೊಟ್ಟು ಚೆಲ್ಲೋರು.
ಹೊಟ್ಟು ಎಲ್ಲಿ ಗಿರಕಿ ಹೊಡೀತದೋ
ಅಲ್ಲಿ ನೀರಿಗೆ ಅನುಮಾನ ಅನ್ನೋರು."
ನಲವತ್ತು ಪುಟದ ಸಮೀಕರಣದಲ್ಲಿ ನಾನು ಹೇಳಿದ್ದು ಇದೇ.
ಇಷ್ಟು ಚೆನ್ನಾಗಿ ಅಲ್ಲ.

ಬಣ್ಣ ಇಳಿಯಿತು, ಕಲ್ಲಿನ ಮೂಗಿಗೆ ಬಡಿದು ಸೀಳಿತು:
ಎರಡು ಪಾಲು, ಒಂದು ಪಾಲು,
ಕೂದಲೆಳೆ ಹೆಚ್ಚುಕಮ್ಮಿ.
ಗುಫ್ರಾನ್ ಸಿಳ್ಳೆ ಹೊಡೆದ.
ಅವಳು ನೋಡುತ್ತಿದ್ದದ್ದು ಕಲ್ಲನ್ನಲ್ಲ,
ಪರದೆಯ ಬಲ ಅಂಚನ್ನು.

"ಅಲ್ಲಿಂದಾಚೆ ನೀರು ಎಲ್ಲಿಗೆ ಹೋಗ್ತದೆ ಸರ್?"
"ಎಲ್ಲಿಗೂ ಇಲ್ಲ. ಅಂಚು ದಾಟಿದ್ದನ್ನ ಇದು ಮರೆತುಬಿಡ್ತದೆ.
ಕಲಿಯೋಕೆ ಅಷ್ಟು ಸಾಕು."
"ತಾತನಿಗೆ ಬಿಟ್ಟ ಇನಾಮು ಗದ್ದೆ ಇರೋದು ಅಲ್ಲೇ ಸರ್,
ಕಾಲುವೆ ಮುಗಿಯೋ ಕಡೆ."

ಭಾನುವಾರ ಬೀಗದ ಕೈ ಇಸಿದುಕೊಂಡು ಬಂದು
ಬಲಕ್ಕೆ ಇಪ್ಪತ್ತು ಕಂಬಸಾಲು ಸೇರಿಸಿದೆ.
ಸುಲಭದ ಕೆಲಸವಲ್ಲ: ಅಂಚು ಸರಿಸಿದರೆ
ಒಳಗಿನ ಸುಳಿಗಳೆಲ್ಲ ಮತ್ತೆ ಲೆಕ್ಕ ಕೇಳುತ್ತವೆ.
ಹರಿವು ಕುಂಟಿತು. ಏಳನೆಯ ಕಂಪ್ಯೂಟರು ಕೈಯೆತ್ತಿತು.
ಈಗ ಬಿ ಬ್ಯಾಚಿಗೆ ಅರ್ಧ ಪ್ರಯೋಗ
ಸುಮ್ಮನೆ ಕೂತು ಕಾಯುವುದು.

ಸೋಮವಾರ, ಕಾಲುಗಂಟೆ ತಡೆದು,
ಹೊಸ ಅಂಚಿಗೆ ನೀಲಿ ಬಂತು,
ಎಂಜಲಲ್ಲಿ ಒರೆಸಿದ ಸ್ಲೇಟಿನಷ್ಟು ಮಸುಕು.

ರೆಕಾರ್ಡ್ ಪುಸ್ತಕದಲ್ಲಿ ತನುಶ್ರೀ ಬರೆದಿದ್ದಳು:
ಕೊನೆಯ ಚೌಕಕ್ಕೆ ಬಂದದ್ದು, ಸೊನ್ನೆ ಬಿಂದು ಸೊನ್ನೆ ಎರಡು.
ಏಕಮಾನದ ಜಾಗದಲ್ಲಿ: ಬೊಗಸೆ.
ಕೆಂಪು ಪೆನ್ನು ತೆಗೆದವನು
ಅದರಲ್ಲೇ ಸಹಿ ಹಾಕಿದೆ.
ತಾರೀಖು ಹಾಕುವುದು ಮರೆತೆ.